ಮಹಡಿ ಮೇಲೆ ಹೆಸರು ಸಿಗುತ್ತೆ, ಕೆಳಗೆ ಸಿಗಲ್ಲ: ಮನೆ ನೆಟ್‌ವರ್ಕ್‌ನಲ್ಲಿ ಡಿಎನ್ಎಸ್ ತೊಂದರೆ

ಉಗ್ರಾಣದಕೀಲಿ

ಎಲ್ಲರಿಗೂ ನಮಸ್ಕಾರ. ಹನ್ನೊಂದು ದಿನದಿಂದ ಇದರ ಹಿಂದೆ ಬಿದ್ದಿದೀನಿ. ನನಗೆ ಗೊತ್ತಿರೋದೆಲ್ಲ ಮಾಡಿ ನೋಡಾಯ್ತು, ದಯವಿಟ್ಟು ಯಾರಾದ್ರೂ ದಾರಿ ತೋರಿಸಿ. ಸ್ವಲ್ಪ ಉದ್ದ ಆಗುತ್ತೆ, ಬೇಸರ ಮಾಡ್ಕೋಬೇಡಿ.

ನಮ್ಮನೇಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಅದಕ್ಕೆ ಲಿನಕ್ಸ್ ಹಾಕಿ ಫೈಲ್ ಇಡೋಕೆ ಬಳಸ್ತೀವಿ. ಹೆಸರು ಉಗ್ರಾಣ. ಅಪ್ಪ ಕ್ಯಾಸೆಟ್‌ಗಳಲ್ಲಿ ಓದಿ ರೆಕಾರ್ಡ್ ಮಾಡಿಟ್ಟಿದ್ದನ್ನೆಲ್ಲ ಅವರು ಹೋದ ಮೇಲೆ ನಾನು ಅದಕ್ಕೆ ಇಳಿಸಿ, ಒಂದು ಚಿಕ್ಕ ವೆಬ್ ಪುಟ ಮಾಡಿ ಸಾಲಾಗಿ ಜೋಡಿಸಿದೀನಿ. ಅಮ್ಮನಿಗೆ ದಿನಾ ಸಂಜೆ ಅದನ್ನ ಕೇಳೋ ಅಭ್ಯಾಸ. ಬ್ರೌಸರ್‌ನಲ್ಲಿ ‘ಉಗ್ರಾಣ.ಮನೆ’ ಅಂತ ಹೊಡೀತಾರೆ (ಕಂಪ್ಯೂಟರ್‌ನಲ್ಲಿ ಇರೋದು ಇಂಗ್ಲಿಷ್ ಅಕ್ಷರದಲ್ಲಿ, ಇಲ್ಲಿ ಕನ್ನಡದಲ್ಲಿ ಬರೀತಿದೀನಿ), ಪುಟ ಬರುತ್ತೆ, ಕೇಳ್ತಾರೆ. ಎರಡು ವರ್ಷದಿಂದ ಹೀಗೇ ನಡೀತಿತ್ತು.

ಹನ್ನೊಂದು ದಿನದ ಹಿಂದೆ ಇಂಟರ್ನೆಟ್ ಕೊಡೋರು ರೌಟರ್ ಬದಲಾಯಿಸಿ ಹೋದ್ರು. ಅವತ್ತಿಂದ ಶುರು. ಈಗಿನ ಜೋಡಣೆ ಹೀಗಿದೆ:

ಹೊಸ ರೌಟರ್ ಕೆಳಗಿನ ಕೋಣೆಯಲ್ಲಿ, 192.168.1.1. ಅದಕ್ಕೆ ತಂತಿಯಲ್ಲಿ ಸೇರಿಸಿರೋ ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) 192.168.1.2, ಅದರಲ್ಲಿ ಡಿಎನ್ಎಸ್‌ಮಾಸ್ಕ್ ಅನ್ನೋ ಪ್ರೋಗ್ರಾಂ ಓಡ್ತಿದೆ, ಮನೆಯ ಹೆಸರುಗಳಿಗೆಲ್ಲ ಅದೇ ಡಿಎನ್ಎಸ್ ಸರ್ವರ್, ಅಂದ್ರೆ ಹೆಸರು ಕೇಳಿದರೆ ಅದರ ನಂಬರ್ ಹೇಳೋದು ಅದು. ಉಗ್ರಾಣ 192.168.1.20. ರೌಟರ್‌ನ ಡಿಎಚ್‌ಸಿಪಿ (ಸಾಧನಗಳಿಗೆ ನಂಬರ್ ಹಂಚೋ ವ್ಯವಸ್ಥೆ) ಪುಟದಲ್ಲಿ ಡಿಎನ್ಎಸ್ ಅಂತ 192.168.1.2 ಒಂದನ್ನೇ ಬರೆದಿದೀನಿ, ಎರಡನೇ ಜಾಗ ಖಾಲಿ. ಹಳೇ ರೌಟರನ್ನ ಮಹಡಿ ಮೇಲೆ ಇಟ್ಟು, ಕೆಳಗಿಂದ ಒಂದು ಕೇಬಲ್ ಎಳೆದು ಅದರ ವ್ಯಾನ್ ಕಿಂಡಿಗೆ (ಇಂಟರ್ನೆಟ್ ಒಳಬರೋ ಕಡೆಯದು) ಸಿಕ್ಕಿಸಿದೀನಿ, ಮೇಲೆ ವೈಫೈ ಬರಲಿ ಅಂತ.

ಇನ್ನು ತೊಂದರೆ. ಕೆಳಗಿನ ವೈಫೈನಲ್ಲಿ ಅಮ್ಮನ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹೆಸರು ಸಿಗೋದೇ ಇಲ್ಲ. ನನ್ನ ಆಂಡ್ರಾಯ್ಡ್ ಫೋನ್‌ಗೂ ಸಿಗಲ್ಲ. ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ಗೆ ಎರಡು ಮೂರು ದಿನ ಚೆನ್ನಾಗಿ ಸಿಗುತ್ತೆ, ಆಮೇಲೆ ಇದ್ದಕ್ಕಿದ್ದಂತೆ ನಿಂತುಹೋಗುತ್ತೆ, ವೈಫೈ ಬಿಟ್ಟು ಮತ್ತೆ ಸೇರಿಸಿದರೆ ಸರಿಹೋಗುತ್ತೆ. ನಂಬರ್ ಹಾಕಿದರೆ ಎಲ್ಲದರಲ್ಲೂ, ಎಲ್ಲ ಹೊತ್ತಲ್ಲೂ ಪುಟ ಬರುತ್ತೆ. ಹೊರಗಿನ ಇಂಟರ್ನೆಟ್‌ಗೆ ಏನೂ ಆಗಿಲ್ಲ.

ನನಗೆ ಅರ್ಥವೇ ಆಗದ್ದು ಇದು: ಇದೇ ಮೂರು ಸಾಧನ ಮಹಡಿ ಮೇಲೆ ತಗೊಂಡು ಹೋಗಿ ಹಳೇ ರೌಟರಿಗೆ ಸೇರಿಸಿದರೆ ಮೂರಕ್ಕೂ ಹೆಸರು ಸಿಗುತ್ತೆ! ಉಗ್ರಾಣ ಇರೋದು ಕೆಳಗೆ, ಪೈ ಇರೋದು ಕೆಳಗೆ. ದೂರ ಹೋದರೆ ಸಿಗುತ್ತೆ, ಪಕ್ಕದಲ್ಲೇ ಕೂತರೆ ಸಿಗಲ್ಲ.

ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಿದ್ದು ಮೂರು ಸಲ. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ ಫ್ಲಶ್‌ಡಿಎನ್ಎಸ್ ಕೊಟ್ಟು ನೆನಪಿಟ್ಕೊಂಡಿರೋ ಹಳೇ ಉತ್ತರ ಅಳಿಸಿದ್ದು ಲೆಕ್ಕ ಇಲ್ಲ. ಈಗ ಅಮ್ಮ ಮೆಟ್ಟಿಲು ಹತ್ತಿ ಮೇಲೆ ಹೋಗಿ ಕೂತು ಕೇಳ್ತಿದಾರೆ. ಅವರ ಮಂಡಿಗೆ ಅದು ಒಳ್ಳೇದಲ್ಲ. ಹಾಗಾಗಿ ಇದನ್ನ ಸರಿ ಮಾಡಲೇಬೇಕು.

---

ವೇಗದೂತ

ಮೇಡಂ, ರೌಟರ್‌ನಲ್ಲಿ ಎರಡನೇ ಡಿಎನ್ಎಸ್ ಜಾಗ ಖಾಲಿ ಬಿಟ್ಟಿದ್ದೀರಲ್ಲ, ಅಲ್ಲಿ ಗೂಗಲ್‌ನ ಡಿಎನ್ಎಸ್ 8.8.8.8 ಹಾಕಿ. ಪೈ ತಡವರಿಸಿದಾಗ ಅದು ಕೈಹಿಡಿಯುತ್ತೆ. ನನ್ನ ಮನೇಲಿ ಹಾಗೇ ಇಟ್ಟಿದೀನಿ, ತೊಂದರೆ ಇಲ್ಲ. ಅದೂ ಆಗದಿದ್ದರೆ ಪ್ರತಿ ಕಂಪ್ಯೂಟರಿನ ಹೋಸ್ಟ್ಸ್ ಫೈಲ್‌ನಲ್ಲಿ (ಹೆಸರು, ನಂಬರ್ ಬರೆದಿಡೋ ಪಟ್ಟಿ) ಒಂದು ಸಾಲು ಬರೆದುಬಿಡಿ, ಕೆಲಸ ಮುಗೀತು.

---

ಹಳೇತಂತಿ

ಉಗ್ರಾಣದಕೀಲಿಯವರೇ, ಎರಡನೇ ಜಾಗ ಖಾಲಿ ಬಿಟ್ಟು ಒಳ್ಳೇದು ಮಾಡಿದೀರಿ, ಹಾಗೇ ಇರಲಿ. ವೇಗದೂತರು ಬೇಜಾರು ಮಾಡ್ಕೋಬಾರದು, ಅವರ ಮಾತಿಗೆ ಯಾಕೆ ಬೇಡ ಅಂತೀನಿ ಅನ್ನೋದರಲ್ಲೇ ನಿಮ್ಮ ಸಮಸ್ಯೆಯ ಗಂಟೂ ಇದೆ ಅಂತ ನನಗೆ ಅನಿಸ್ತಿದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಎರಡನೇ ಡಿಎನ್ಎಸ್ ಅಂದ್ರೆ ‘ಮೊದಲನೆಯವನಿಗೆ ಗೊತ್ತಿಲ್ಲದಿದ್ದರೆ ಇವನನ್ನ ಕೇಳು’ ಅಂತ ತುಂಬ ಜನ ತಿಳ್ಕೊಂಡಿದಾರೆ. ಅದು ಹಾಗಲ್ಲ. ‘ಮೊದಲನೆಯವನು ಮಾತೇ ಆಡದಿದ್ದರೆ ಇವನನ್ನ ಕೇಳು’ ಅಂತ. ಎರಡಕ್ಕೂ ಅಜಗಜಾಂತರ. ಡಿಎನ್ಎಸ್‌ನಲ್ಲಿ ‘ಅಂಥ ಹೆಸರೇ ಇಲ್ಲ’ ಅನ್ನೋದು ಪೂರ್ತಿ, ಅಧಿಕೃತ ಉತ್ತರ, ಅದಕ್ಕೆ ಎನ್ಎಕ್ಸ್‌ಡೊಮೈನ್ ಅಂತ ಹೆಸರು. ಅದು ಬಂತು ಅಂದ್ರೆ ಕಂಪ್ಯೂಟರ್ ಹುಡುಕಾಟ ನಿಲ್ಲಿಸುತ್ತೆ, ಇನ್ನೊಬ್ಬರನ್ನ ಕೇಳೋಕೆ ಹೋಗಲ್ಲ. ಮೌನ ಬೇರೆ. ಎರಡು ಸೆಕೆಂಡೋ ಐದು ಸೆಕೆಂಡೋ ಕಾದು ಉತ್ತರವೇ ಬರದಿದ್ದರೆ ಆಗ ಮುಂದಿನವರ ಹತ್ತಿರ ಹೋಗುತ್ತೆ. ಜೊತೆಗೆ, ಪಟ್ಟಿಯಲ್ಲಿ ಮೊದಲು ಇರೋರನ್ನೇ ಮೊದಲು ಕೇಳಬೇಕು ಅನ್ನೋ ಕಟ್ಟುಪಾಡೂ ಎಲ್ಲ ಸಿಸ್ಟಮ್‌ಗೂ ಇಲ್ಲ.

8.8.8.8ಗೆ ನಿಮ್ಮ ಉಗ್ರಾಣ ಗೊತ್ತಿರೋಕೆ ಸಾಧ್ಯವೇ ಇಲ್ಲ. ಕೇಳಿದ ತಕ್ಷಣ ‘ಇಲ್ಲ’ ಅಂತ ಸ್ಪಷ್ಟವಾಗಿ ಹೇಳುತ್ತೆ. ಅಲ್ಲಿಗೆ ಮುಗೀತು. ಆದ್ದರಿಂದ ಮನೆ ಹೆಸರು ಬೇಕಾದ ಮನೆಯಲ್ಲಿ ಪಟ್ಟಿಯಲ್ಲಿರೋ ಪ್ರತಿಯೊಂದು ಸರ್ವರಿಗೂ ಆ ಹೆಸರು ಗೊತ್ತಿರಲೇಬೇಕು.

ಹೋಸ್ಟ್ಸ್ ಫೈಲ್ ತಪ್ಪಲ್ಲ, ಆದರೆ ಫೋನ್‌ನಲ್ಲಿ ಅದನ್ನ ತಿದ್ದೋಕೆ ಸುಲಭವಾಗಿ ಬಿಡಲ್ಲ. ಮುಂದೆ ಯಾವತ್ತೋ ಉಗ್ರಾಣದ ನಂಬರ್ ಬದಲಾದ ದಿನ ಆ ಸಾಲು ಬರೆದದ್ದೇ ಮರೆತಿರುತ್ತೆ. ಇಂಟರ್ನೆಟ್‌ಗೆ ಮುಂಚಿನ ಇಡೀ ಆರ್ಪಾನೆಟ್ಟೇ ಒಂದು ಕಾಲಕ್ಕೆ ಒಂದೇ ಹೋಸ್ಟ್ಸ್ ಫೈಲ್ ಮೇಲೆ ನಡೀತಿತ್ತು. ಒಂದು ಕಡೆ ತಿದ್ದೋರು, ಉಳಿದೋರು ನಕಲು ಇಳಿಸ್ಕೊಳ್ಳೋರು. ಯಂತ್ರಗಳು ಹೆಚ್ಚಾದಂತೆ ಅದು ಏಗದೆ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್ಎಸ್ ರೂಪಿಸಿದ್ರು. ಮನೇಲಿ ಮೂರೇ ಸಾಧನ ಇದ್ದರೂ ನಕಲಿನ ಕಷ್ಟ ಅದೇ.

ಈಗ ನಿಮ್ಮ ವಿಷಯ. ‘ಹೆಸರು ಯಾಕೆ ಸಿಗ್ತಿಲ್ಲ’ ಅಂತ ಹುಡುಕಬೇಡಿ. ‘ಇಲ್ಲ ಅಂತ ಹೇಳ್ತಿರೋದು ಯಾರು’ ಅಂತ ಹುಡುಕಿ. ಮೂರು ಕೆಲಸ ಮಾಡಿ, ಕಂಡದ್ದನ್ನ ಅಕ್ಷರ ಬಿಡದೆ ಇಲ್ಲಿ ಹಾಕಿ.

ಒಂದು, ಕೆಳಗಿನ ವೈಫೈನಲ್ಲಿ ಅಮ್ಮನ ವಿಂಡೋಸ್‌ನಲ್ಲಿ ಎನ್ಎಸ್‌ಲುಕಪ್ (ಡಿಎನ್ಎಸ್ ಸರ್ವರನ್ನ ಹೆಸರು ಕೇಳೋ ಕಮಾಂಡ್) ಕೊಟ್ಟು ಉಗ್ರಾಣ.ಮನೆ ಕೇಳಿ, ಹೆಸರಿನ ಕೊನೆಗೂ ಒಂದು ಚುಕ್ಕಿ ಇಡಿ. ಆಮೇಲೆ ಅದೇ ಪ್ರಶ್ನೆಯ ಮುಂದೆ ಜಾಗ ಬಿಟ್ಟು 192.168.1.2 ಅಂತ ಸೇರಿಸಿ ಮತ್ತೆ ಕೇಳಿ. ಎರಡನೇ ಸಲ ನೀವು ನೇರ ಪೈಯನ್ನೇ ಕೇಳಿದ ಹಾಗೆ.

ಎರಡು, ಲಿನಕ್ಸ್ ಲ್ಯಾಪ್‌ಟಾಪ್ ಕೈಕೊಟ್ಟಿರೋ ಹೊತ್ತಲ್ಲಿ ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ಕೊಡಿ, ಆಗ ಅದು ಯಾರನ್ನ ಕೇಳ್ತಿದೆ ಅಂತ ಕಾಣುತ್ತೆ. ಕೈಕೊಡದೇ ಇರೋ ಹೊತ್ತಿನದು ನನಗೆ ಬೇಡ.

ಮೂರು, ಪೈಯಲ್ಲಿ ಡಿಎನ್ಎಸ್‌ಮಾಸ್ಕ್ ಕಾನ್ಫಿಗ್‌ಗೆ ಲಾಗ್-ಕ್ವೆರೀಸ್ ಅನ್ನೋ ಸಾಲು ಸೇರಿಸಿ ರೀಸ್ಟಾರ್ಟ್ ಮಾಡಿ. ಲಾಗ್ ನೋಡ್ತಾ ಕೆಳಗಿಂದ ಒಂದು ಸಲ, ಮೇಲಿಂದ ಒಂದು ಸಲ ಹೆಸರು ಕೇಳಿ.

ಮಹಡಿ ಮೇಲಿನ ರೌಟರಿನ ಒಂದು ಸೆಟ್ಟಿಂಗೂ ಸದ್ಯಕ್ಕೆ ಮುಟ್ಟಬೇಡಿ. ಸರಿಯಾಗಿ ಕೆಲಸ ಮಾಡ್ತಿರೋದು ಅದೊಂದೇ, ನಮಗಿರೋ ಸಾಕ್ಷಿಯೂ ಅದೊಂದೇ.

---

ಉಗ್ರಾಣದಕೀಲಿ

ಸರ್, ತುಂಬ ಧನ್ಯವಾದ. ‘ಇಲ್ಲ’ ಅನ್ನೋದಕ್ಕೂ ಮೌನಕ್ಕೂ ಇರೋ ವ್ಯತ್ಯಾಸ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಹೇಳಿದ್ದೆಲ್ಲ ಮಾಡಿದೆ. ಪರದೆ ನೋಡ್ಕೊಂಡು ಕನ್ನಡದಲ್ಲಿ ಬರೀತಿದೀನಿ.

ವಿಂಡೋಸ್, ಕೆಳಗಿನ ವೈಫೈ, ಮೊದಲ ಸಲ:

ಸರ್ವರ್: ಅನ್‌ನೋನ್
ಅಡ್ರೆಸ್: ಎಫ್ಇ80::1
ಅನ್‌ನೋನ್ ಕಾಂಟ್ ಫೈಂಡ್ ಉಗ್ರಾಣ.ಮನೆ.: ನಾನ್-ಎಕ್ಸಿಸ್ಟೆಂಟ್ ಡೊಮೈನ್

ಎರಡನೇ ಸಲ, ಪೈಯನ್ನ ನೇರ ಕೇಳಿದಾಗ:

ಅಡ್ರೆಸ್: 192.168.1.2
ನೇಮ್: ಉಗ್ರಾಣ.ಮನೆ
ಅಡ್ರೆಸ್: 192.168.1.20

ಅಂದ್ರೆ ಪೈಗೆ ಗೊತ್ತು! ಮೊದಲ ಸಲ ಉತ್ತರ ಕೊಟ್ಟ ಆ ಎಫ್ಇ80::1 ಯಾವುದು ಅಂತ ನನಗೆ ತಿಳೀತಿಲ್ಲ. ನಾನು ಎಲ್ಲೂ ಅದನ್ನ ಬರೆದಿಲ್ಲ, ರೌಟರ್ ಪುಟದಲ್ಲೂ ಕಣ್ಣಿಗೆ ಬಿದ್ದಿಲ್ಲ.

ಲಿನಕ್ಸ್ ಲ್ಯಾಪ್‌ಟಾಪ್ ಇವತ್ತು ಬೆಳಿಗ್ಗೆ ಕೈಕೊಟ್ಟಿತ್ತು, ಆಗ ತೆಗೆದದ್ದು: ಡಿಎನ್ಎಸ್ ಸರ್ವರ್ಸ್ ಅನ್ನೋ ಸಾಲಲ್ಲಿ 192.168.1.2 ಮತ್ತು ಎಫ್ಇ80::1 ಎರಡೂ ಇವೆ. ಅದರ ಮೇಲೆ ಕರೆಂಟ್ ಡಿಎನ್ಎಸ್ ಸರ್ವರ್ ಅನ್ನೋ ಸಾಲು, ಅಲ್ಲಿ ಇದ್ದದ್ದು ಎಫ್ಇ80::1.

ಪೈ ಲಾಗ್ ನೋಡಿ ಮಾತ್ರ ಮೈ ಜುಮ್ ಅಂತು. ಕೆಳಗಿಂದ ಅಮ್ಮನ ಲ್ಯಾಪ್‌ಟಾಪ್‌ನಲ್ಲಿ ಹತ್ತು ಸಲ ಹೆಸರು ಹೊಡೆದೆ, ಲಾಗ್‌ನಲ್ಲಿ ಒಂದೇ ಒಂದು ಸಾಲು ಇಲ್ಲ. ಪೈಯನ್ನ ಯಾರೂ ಕೇಳ್ತಾನೇ ಇಲ್ಲ! ಮೇಲೆ ಹೋಗಿ ಹೊಡೆದರೆ ಪ್ರತಿ ಸಲವೂ ಸಾಲು ಬರುತ್ತೆ. ಅದರಲ್ಲೂ ಒಂದು ವಿಚಿತ್ರ: ಮೇಲಿಂದ ಲ್ಯಾಪ್‌ಟಾಪ್ ಕೇಳಲಿ, ಫೋನ್ ಕೇಳಲಿ, ಕೇಳಿದವರ ನಂಬರ್ ಅಂತ ಲಾಗ್‌ನಲ್ಲಿ ಬೀಳೋದು 192.168.1.7 ಒಂದೇ. ಅದು ಯಾರು?

---

ಹಳೇತಂತಿ

ಇಷ್ಟು ಅಚ್ಚುಕಟ್ಟಾಗಿ ಸಾಕ್ಷಿ ತಂದುಕೊಟ್ಟಿದೀರಿ, ಇನ್ನು ಊಹೆಗೆ ಜಾಗವೇ ಇಲ್ಲ.

192.168 ಥರದ ನಂಬರುಗಳು ಐಪಿವಿ4 ಅನ್ನೋ ಹಳೇ ವಿಳಾಸ ಪದ್ಧತಿ, ಐಪಿವಿ6 ಅದರ ಹೊಸ ಪದ್ಧತಿ. ಎಫ್ಇ80ಯಿಂದ ಶುರುವಾಗೋದು ಐಪಿವಿ6ನ ಲಿಂಕ್-ಲೋಕಲ್ ವಿಳಾಸ. ಒಂದೇ ತಂತಿಯ ಅಥವಾ ಒಂದೇ ವೈಫೈಯ ಆಚೆಗೆ ಅದು ಹೋಗಲ್ಲ. ನಿಮ್ಮನೇಲಿ ಎಫ್ಇ80::1 ಅಂದ್ರೆ ಹೊಸ ರೌಟರೇ. ಹಳೇ ರೌಟರಲ್ಲಿ ಐಪಿವಿ6 ಇರಲಿಲ್ಲ, ಇದು ಅದನ್ನ ಜೊತೆಗೇ ತಗೊಂಡು ಬಂದಿದೆ.

ಐಪಿವಿ4ನಲ್ಲಿ ಡಿಎನ್ಎಸ್ ಯಾರು ಅಂತ ಹೇಳೋದು ಡಿಎಚ್‌ಸಿಪಿ. ನೀವು ತುಂಬಿದ್ದು ಆ ಪುಟ. ಐಪಿವಿ6ನಲ್ಲಿ ಅದಕ್ಕೆ ಬೇರೆ ದಾರಿ ಇದೆ. ರೌಟರ್ ಆಗಾಗ ಎಲ್ಲರಿಗೂ ಕೇಳೋ ಹಾಗೆ ‘ನಾನಿದೀನಿ, ಹೊರಗೆ ಹೋಗೋ ದಾರಿ ನಾನು’ ಅಂತ ಸಾರ್ತಾ ಇರುತ್ತೆ. ರೌಟರ್ ಅಡ್ವರ್ಟೈಸ್‌ಮೆಂಟ್ ಅಂತಾರೆ, ಚಿಕ್ಕದಾಗಿ ಆರ್ಎ. ಆ ಸಾರುವಿಕೆಯಲ್ಲೇ ‘ಡಿಎನ್ಎಸ್‌ಗೆ ನನ್ನನ್ನ ಕೇಳಿ’ ಅನ್ನೋ ಮಾತನ್ನೂ ಸೇರಿಸಬಹುದು. ಅದಕ್ಕೆ ಆರ್‌ಡಿಎನ್ಎಸ್ಎಸ್ ಅಂತ ಹೆಸರು, ಈಗ ಜಾರಿಯಲ್ಲಿರೋ ನಿಯಮ 2017ರ ಆರ್ಎಫ್‌ಸಿ 8106 (ಆರ್ಎಫ್‌ಸಿ ಅಂದ್ರೆ ಇಂಟರ್ನೆಟ್ ನಿಯಮಗಳನ್ನ ಬರೆದಿಡೋ ದಾಖಲೆ). ನಿಮ್ಮ ರೌಟರ್ ಮಾಡ್ತಿರೋದು ಅದನ್ನೇ. ನೀವು ಡಿಎಚ್‌ಸಿಪಿಯಲ್ಲಿ ಒಂದೇ ಸರ್ವರ್ ಬರೆದ್ರಿ, ರೌಟರ್ ಇನ್ನೊಂದು ಬಾಗಿಲಿಂದ ತನ್ನನ್ನೂ ಪಟ್ಟಿಗೆ ಸೇರಿಸ್ತು. ನೀವು ಖಾಲಿ ಬಿಟ್ಟ ಎರಡನೇ ಜಾಗದಲ್ಲಿ ಈಗ ಯಾರೋ ಬಂದು ಕೂತಿದಾರೆ. ಅವರಿಗೆ ಉಗ್ರಾಣ ಗೊತ್ತಿಲ್ಲ, ಹೊರಗೆ ವಿಚಾರಿಸಿ ‘ಅಂಥ ಹೆಸರಿಲ್ಲ’ ಅಂತಾರೆ.

ಈಗ ನಿಮ್ಮ ಒಂದೊಂದು ಲಕ್ಷಣವನ್ನೂ ಇದಕ್ಕೆ ಹಚ್ಚಿ ನೋಡಿ, ಯಾವುದೂ ಹೊರಗುಳಿಯಬಾರದು. ಹೊರಗುಳಿದರೆ ಕಾರಣ ಇನ್ನೂ ಪೂರ್ತಿ ಸಿಕ್ಕಿಲ್ಲ ಅಂತ.

ವಿಂಡೋಸ್ ತನ್ನ ಪಟ್ಟಿಯಲ್ಲಿ ಐಪಿವಿ6 ಸರ್ವರನ್ನ ಮುಂದಿಟ್ಕೊಂಡಿದೆ, ಅದಕ್ಕೆ ಸಿಗೋದೇ ಇಲ್ಲ. ಐಪಿಕಾನ್ಫಿಗ್ ಆಲ್ ಕೊಟ್ಟರೆ ಡಿಎನ್ಎಸ್ ಸರ್ವರ್ಸ್ ಅನ್ನೋ ಕಡೆ ಇದೇ ಕ್ರಮ ಕಾಣುತ್ತೆ. ಫೋನ್ ಕೂಡ ಆರ್ಎ ಹೇಳಿದ್ದನ್ನ ಕೇಳುತ್ತೆ.

ಲಿನಕ್ಸ್‌ನಲ್ಲಿ ಇರೋದು ಸಿಸ್ಟಮ್‌ಡಿ-ರಿಸಾಲ್ವ್‌ಡಿ. ಅದು ಒಬ್ಬರನ್ನ ಹಿಡ್ಕೊಂಡರೆ ಅವರನ್ನೇ ಕೇಳ್ತಾ ಇರುತ್ತೆ. ಅವರು ಉತ್ತರ ಕೊಡದೇ ಹೋದ ದಿನ ಮುಂದಿನವರ ಹತ್ತಿರ ಹೋಗಿ ಅಲ್ಲೇ ನಿಂತುಬಿಡುತ್ತೆ, ಹಳಬರು ಎದ್ದು ಬಂದರೂ ತಾನಾಗಿ ವಾಪಸ್ ಹೋಗಲ್ಲ. ನೀವು ಪೈಗೆ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡ್ತಿದ್ದೀರಾ? ಎರಡು ಮೂರು ದಿನಕ್ಕೊಮ್ಮೆ ಕೆಡೋದಕ್ಕೆ ಅದೇ ಕಾರಣ ಇರಬೇಕು.

ಮಹಡಿ ಮೇಲೆ ಯಾಕೆ ಸರಿ? ಕೇಬಲನ್ನ ವ್ಯಾನ್ ಕಿಂಡಿಗೆ ಸಿಕ್ಕಿಸಿದ್ದರಿಂದ ಅದು ಈಗಲೂ ರೌಟರಾಗೇ ಕೂತಿದೆ, ತನ್ನದೇ ಬೇರೆ ನೆಟ್‌ವರ್ಕ್ ನಡೆಸ್ತಿದೆ. ಮೇಲೆ ನಿಮ್ಮ ಲ್ಯಾಪ್‌ಟಾಪ್ ನಂಬರ್ ನೋಡಿ, 192.168.1 ಅಲ್ಲದೆ 192.168.0 ಅಂತಲೋ ಬೇರೇನೋ ಇರುತ್ತೆ. ಹೊಸ ರೌಟರಿನ ಆರ್ಎ ಆ ಗೋಡೆ ದಾಟಿ ಮೇಲೆ ಬರಲ್ಲ. ಹಳೇ ರೌಟರ್ ಕೆಳಗಿಂದ ಡಿಎಚ್‌ಸಿಪಿಯಲ್ಲಿ ಪೈಯ ವಿಳಾಸ ತಗೊಂಡಿದೆ, ಮೇಲಿನವರು ಕೇಳಿದ್ದನ್ನೆಲ್ಲ ತಾನೇ ಪೈಗೆ ದಾಟಿಸುತ್ತೆ. ಲಾಗ್‌ನಲ್ಲಿ ಕಂಡ 192.168.1.7 ಆ ಹಳೇ ರೌಟರೇ, ಮೇಲಿನ ಎಲ್ಲರ ಪರವಾಗಿ ಕೇಳ್ತಿರೋದು ಅದು.

ಖಚಿತ ಮಾಡ್ಕೊಳ್ಳೋಕೆ ಅಮ್ಮನ ವಿಂಡೋಸ್‌ನಲ್ಲಿ ವೈಫೈ ಅಡಾಪ್ಟರಿನ ಐಪಿವಿ6 ಟಿಕ್ ತೆಗೆದು ಒಂದು ಸಲ ಹೆಸರು ಕೇಳಿ. ಸಿಕ್ಕರೆ ಟಿಕ್ ವಾಪಸ್ ಹಾಕಿಬಿಡಿ. ಪರೀಕ್ಷೆಗೆ ಮಾತ್ರ ಹೇಳ್ತಿದೀನಿ, ಪರಿಹಾರ ಅಂತ ಅಲ್ಲ. ಐಪಿವಿ6ನಲ್ಲಿ ತಪ್ಪೇನೂ ಇಲ್ಲ, ಅದಕ್ಕೂ ಪೈಯ ವಿಳಾಸ ಹೇಳಬೇಕಾಗಿತ್ತು ಅಷ್ಟೆ.

ಪರಿಹಾರ: ರೌಟರ್ ಪುಟದಲ್ಲಿ ಐಪಿವಿ6 ಅಂತ ಬೇರೆ ಭಾಗ ಇರುತ್ತೆ. ಅದರಲ್ಲಿ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಕಡೆಯ ಸೆಟ್ಟಿಂಗ್, ಆರ್ಎ, ಡಿಎಚ್‌ಸಿಪಿವಿ6 ಇವುಗಳ ಹತ್ತಿರ ಡಿಎನ್ಎಸ್ ಹುಡುಕಿ. ಸಾಧ್ಯ ಇದ್ದರೆ ಅಲ್ಲಿ ಪೈಯ ಐಪಿವಿ6 ವಿಳಾಸ ಬರೀರಿ. ಯಾವ ವಿಳಾಸ ಅನ್ನೋದು ಮುಖ್ಯ. ಪೈಯಲ್ಲಿ ಐಪಿ -6 ಅಡ್ರ್ ಕೊಟ್ಟರೆ ಎರಡು ಮೂರು ಕಾಣುತ್ತೆ. 2ರಿಂದ ಶುರುವಾಗೋದು ಬೇಡ, ಇಂಟರ್ನೆಟ್ ಕೊಡೋರು ಅದರ ಮುಂಭಾಗ ಬದಲಾಯಿಸಿದ ದಿನ ಮತ್ತೆ ಇದೇ ಕಥೆ. ಎಫ್ಇ80ಯಿಂದ ಶುರುವಾಗೋ ಪೈಯದೇ ವಿಳಾಸ ಇರುತ್ತಲ್ಲ, ಅದನ್ನ ಕೊಡಿ. ಅಲ್ಲಿ ಬೇರೆ ವಿಳಾಸ ಬರೆಯೋಕೇ ಬಿಡದಿದ್ದರೆ ಆರ್ಎಯಲ್ಲಿ ಡಿಎನ್ಎಸ್ ಸಾರೋದನ್ನಾದರೂ ನಿಲ್ಲಿಸೋಕೆ ಆಗುತ್ತಾ ನೋಡಿ. ಆಗ ಎಲ್ಲರೂ ಡಿಎಚ್‌ಸಿಪಿ ಕೊಟ್ಟ ಪೈಯನ್ನೇ ಕೇಳ್ತಾರೆ. ಐಪಿವಿ4 ಮೂಲಕ ಕೇಳಿದರೂ ಐಪಿವಿ6 ವಿಳಾಸಗಳು ಸಿಗುತ್ತವೆ, ಅದರಲ್ಲಿ ಏನೂ ನಷ್ಟ ಇಲ್ಲ.

---

ಸಂಜೆದೀಪ

ಅಕ್ಕ, ಮಹಡಿ ಮೇಲೆ ಮೂರೂ ಸರಿ ಇರೋದರಿಂದ ಇದು ನಿಮಗೆ ಅನ್ವಯಿಸಲ್ಲ. ಆದರೂ ಇದೇ ಲಕ್ಷಣ ಹುಡ್ಕೊಂಡು ಬರೋರಿಗೆ ಇರಲಿ ಅಂತ ಬರೀತಿದೀನಿ, ನಾನು ಇದರಲ್ಲಿ ಒಂದು ವಾರ ಕಳೆದಿದೀನಿ.

ನನ್ನದರಲ್ಲಿ ಎನ್ಎಸ್‌ಲುಕಪ್ ಸರಿಯಾದ ನಂಬರ್ ಕೊಡ್ತಿತ್ತು, ಪಿಂಗ್ (ಆ ಕಂಪ್ಯೂಟರ್ ಓಗೊಡುತ್ತಾ ಅಂತ ನೋಡೋ ಕಮಾಂಡ್) ಹೋಗ್ತಿತ್ತು, ಬ್ರೌಸರ್ ಮಾತ್ರ ಹೆಸರೇ ಇಲ್ಲ ಅಂತಿತ್ತು. ಬ್ರೌಸರಿನ ಸೆಟ್ಟಿಂಗ್‌ನಲ್ಲಿ ಸೆಕ್ಯೂರ್ ಡಿಎನ್ಎಸ್ ಅಂತ ಇದೆ, ಅಲ್ಲಿ ಹೊರಗಿನ ಒಂದು ಸರ್ವರ್ ಆಯ್ಕೆ ಆಗಿತ್ತು. ಬ್ರೌಸರ್ ಕಂಪ್ಯೂಟರನ್ನ ಕೇಳದೆ, ಮನೆಯ ಡಿಎನ್ಎಸ್ಸನ್ನೂ ಕೇಳದೆ ನೇರ ಹೊರಗೆ ಹೋಗ್ತಿತ್ತು. ಆಂಡ್ರಾಯ್ಡ್‌ನಲ್ಲೂ 9ನೇ ಆವೃತ್ತಿಯಿಂದ ಪ್ರೈವೇಟ್ ಡಿಎನ್ಎಸ್ ಇದೆ. ಅದು ಆಟೋಮ್ಯಾಟಿಕ್ ಅಂತಿದ್ದರೆ ಪರವಾಗಿಲ್ಲ, ಅಲ್ಲಿ ಯಾವುದಾದರೂ ಸರ್ವರಿನ ಹೆಸರು ಬರೆದಿದ್ದರೆ ಮನೆ ಹೆಸರು ಸಿಗಲ್ಲ.

ಇನ್ನೊಂದು ಸಂದೇಹ, ಹಳೇತಂತಿ ಸರ್‌ಗೆ: ಉಗ್ರಾಣದಲ್ಲಿ ಅವಾಹಿ ಅನ್ನೋ ಪ್ರೋಗ್ರಾಂ ಹಾಕಿ ಡಾಟ್ ಲೋಕಲ್ ಹೆಸರು ಬಳಸಿದರೆ ಡಿಎನ್ಎಸ್ ಸರ್ವರ್ ಗೋಜೇ ಇರಲ್ಲವಲ್ಲ?

---

ಹಳೇತಂತಿ

ಸಂಜೆದೀಪ, ಬರೆದದ್ದು ಒಳ್ಳೇದಾಯ್ತು. ಎನ್ಎಸ್‌ಲುಕಪ್ ಸರಿ, ಬ್ರೌಸರ್ ಮಾತ್ರ ತಪ್ಪು ಅಂದ್ರೆ ಮೊದಲು ಅಲ್ಲೇ ನೋಡಬೇಕು. ಎನ್ಎಸ್‌ಲುಕಪ್ ನೇರ ಡಿಎನ್ಎಸ್ ಸರ್ವರನ್ನ ಮಾತ್ರ ಕೇಳುತ್ತೆ, ಹೋಸ್ಟ್ಸ್ ಫೈಲನ್ನಾಗಲಿ ಕಂಪ್ಯೂಟರ್ ನೆನಪಿಟ್ಕೊಂಡಿರೋ ಹಳೇ ಉತ್ತರಗಳನ್ನಾಗಲಿ ನೋಡಲ್ಲ. ಪಿಂಗ್ ಎಲ್ಲವನ್ನೂ ನೋಡುತ್ತೆ. ಅದಕ್ಕೆ ಎರಡನ್ನೂ ಹಾಕಿ ತಾಳೆ ನೋಡೋದು.

ಡಾಟ್ ಲೋಕಲ್ ಬಗ್ಗೆ: ಅದು ಎಂಡಿಎನ್ಎಸ್. ಸರ್ವರ್ ಇರಲ್ಲ, 224.0.0.251 ಅನ್ನೋ ವಿಳಾಸಕ್ಕೆ 5353ನೇ ಪೋರ್ಟ್‌ನಲ್ಲಿ ‘ಉಗ್ರಾಣ ಯಾರು’ ಅಂತ ಕೂಗಿದರೆ ಉಗ್ರಾಣವೇ ‘ನಾನು’ ಅನ್ನುತ್ತೆ. ಒಂದೇ ನೆಟ್‌ವರ್ಕ್ ಇರೋ ಮನೆಗೆ ಚೆಂದ. ಈ ಮನೇಲಿ ಎರಡು ನೆಟ್‌ವರ್ಕ್ ಇವೆ, ಕೂಗು ಮಹಡಿಗೆ ಕೇಳಿಸಲ್ಲ. ಒಂದು ಎಚ್ಚರಿಕೆ ಎಲ್ಲರಿಗೂ: ಡಾಟ್ ಲೋಕಲ್ ಹೆಸರನ್ನ ಡಿಎನ್ಎಸ್‌ಮಾಸ್ಕ್ ಒಳಗೆ ಬರೆಯಬೇಡಿ. 2013ರ ಆರ್ಎಫ್‌ಸಿ 6762 ಅದನ್ನ ಎಂಡಿಎನ್ಎಸ್‌ಗೇ ಮೀಸಲಿಟ್ಟಿದೆ. ಎರಡೂ ಕಡೆ ಇಟ್ಟರೆ ಒಂದು ಸಾಧನ ಕೂಗುತ್ತೆ, ಇನ್ನೊಂದು ಸರ್ವರನ್ನ ಕೇಳುತ್ತೆ, ಉತ್ತರ ಬೇರೆ ಬೇರೆ ಬರುತ್ತೆ.

---

ಉಗ್ರಾಣದಕೀಲಿ

ಸರ್, ಐಪಿವಿ6 ಟಿಕ್ ತೆಗೆದ ಮರುಕ್ಷಣವೇ ಅಮ್ಮನ ಲ್ಯಾಪ್‌ಟಾಪ್‌ಗೆ ಹೆಸರು ಸಿಕ್ತು! ಟಿಕ್ ವಾಪಸ್ ಹಾಕಿದೆ. ಹೌದು, ಪೈಗೆ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡೋ ಅಭ್ಯಾಸ ನನಗಿದೆ. ಹಳೇ ಲಾಗ್ ತೆಗೆದು ನೋಡಿದೆ, ಲಿನಕ್ಸ್ ಲ್ಯಾಪ್‌ಟಾಪ್ ಕೈಕೊಟ್ಟ ಮೂರೂ ಬೆಳಿಗ್ಗೆಯ ಹಿಂದಿನ ರಾತ್ರಿ ಪೈ ರೀಸ್ಟಾರ್ಟ್ ಆಗಿದೆ. ಮೇಲಿನ ನಂಬರೂ ನೀವು ಹೇಳಿದ ಹಾಗೆ 192.168.0ಯಿಂದಲೇ ಶುರು.

ರೌಟರ್ ಪುಟದಲ್ಲಿ ಐಪಿವಿ6 ಭಾಗ ಮೂರು ಮೆನು ಒಳಗಡೆ ಇತ್ತು. ಡಿಎನ್ಎಸ್ ಅನ್ನೋ ಕಡೆ ಆಟೋ ಅಂತಿತ್ತು, ಮ್ಯಾನ್ಯುವಲ್ ಮಾಡಿ ಪೈಯ ಎಫ್ಇ80 ವಿಳಾಸ ಕೊಟ್ಟೆ, ತಗೊಂಡಿತು. ವೈಫೈ ಬಿಟ್ಟು ಮತ್ತೆ ಸೇರಿಸಿದೆ.

ಆದರೆ ಈಗ ಹೊಸ ತೊಂದರೆ. ಎನ್ಎಸ್‌ಲುಕಪ್ ಕೊಟ್ಟರೆ ‘ಡಿಎನ್ಎಸ್ ರಿಕ್ವೆಸ್ಟ್ ಟೈಮ್ಡ್ ಔಟ್, ಟೈಮೌಟ್ ವಾಸ್ 2 ಸೆಕೆಂಡ್ಸ್’ ಅಂತ ಬರ್ತಿದೆ. ಬ್ರೌಸರ್‌ನಲ್ಲಿ ಪುಟ ಬರುತ್ತೆ, ಆದರೆ ಎಲ್ಲ ಸೈಟೂ ಮೊದಲ ಸಲ ತಡೆದು ತಡೆದು ತೆರೆಯುತ್ತೆ. ನೀವು ಹೇಳಿದ ಮಾತಲ್ಲೇ ಯೋಚಿಸಿದೆ: ಇದು ‘ಇಲ್ಲ’ ಅಲ್ಲ, ಮೌನ. ಮೌನ ಆಗಿರೋದಕ್ಕೇ ಮುಂದಿನವರಾದ 192.168.1.2 ಹತ್ತಿರ ಹೋಗಿ ಉತ್ತರ ತರ್ತಿದೆ, ಅದಕ್ಕೇ ತಡ. ಹಾಗಾದ್ರೆ ಪೈ ಐಪಿವಿ6ನಲ್ಲಿ ಕೇಳಿಸ್ಕೊಳ್ತಾನೇ ಇಲ್ಲ ಅಂತಾಯ್ತು. ಸರಿನಾ? ಕಾನ್ಫಿಗ್‌ನಲ್ಲಿ ಎರಡು ವರ್ಷದ ಹಿಂದೆ ನಾನೇ ಬರೆದ ಒಂದು ಸಾಲು ಇದೆ: ಲಿಸನ್-ಅಡ್ರೆಸ್=192.168.1.2.

---

ಹಳೇತಂತಿ

ಸರಿ, ನೂರಕ್ಕೆ ನೂರು ಸರಿ. ಪೂರ್ತಿ ನೀವೇ ಹಿಡಿದಿರಿ, ಓದಿ ತುಂಬ ಖುಷಿಯಾಯ್ತು.

ಆ ಸಾಲು ‘ಈ ಒಂದು ವಿಳಾಸಕ್ಕೆ ಬಂದದ್ದನ್ನ ಮಾತ್ರ ಕೇಳು’ ಅನ್ನುತ್ತೆ. ಅದನ್ನ ತೆಗೆದು ಇಂಟರ್‌ಫೇಸ್=ಇಟಿಎಚ್0 ಅಂತ ಬರೀರಿ, ತಂತಿಯ ಕಿಂಡಿಗೆ ನಿಮ್ಮ ಪೈಯಲ್ಲಿ ಅದೇ ಹೆಸರಿದ್ದರೆ. ಆಗ ಆ ಕಿಂಡಿಗಿರೋ ಎಲ್ಲ ವಿಳಾಸದಲ್ಲೂ ಕೇಳಿಸ್ಕೊಳ್ಳುತ್ತೆ, ಐಪಿವಿ4 ಆಗಲಿ ಐಪಿವಿ6 ಆಗಲಿ.

ಕಾನ್ಫಿಗ್ ತೆರೆದಿರೋವಾಗಲೇ ಇನ್ನೊಂದು ಸಾಲು ಸೇರಿಸಿ: ಲೋಕಲ್=/ಮನೆ/. ‘ಮನೆ’ ಅಂತ ಮುಗಿಯೋ ಹೆಸರು ಯಾವುದೇ ಆಗಲಿ, ಗೊತ್ತಿದ್ದರೆ ಹೇಳು, ಗೊತ್ತಿಲ್ಲದಿದ್ದರೆ ಇಲ್ಲ ಅನ್ನು, ಹೊರಗೆ ಕೇಳೋಕೆ ಮಾತ್ರ ಹೋಗಬೇಡ ಅಂತ ಅರ್ಥ. ಇಷ್ಟು ದಿನ ಅಮ್ಮ ಹೆಸರು ಹೊಡೆದಾಗೆಲ್ಲ ಆ ಪ್ರಶ್ನೆ ರೌಟರ್ ದಾಟಿ ಹೊರಗಿನ ಸರ್ವರ್‌ವರೆಗೂ ಹೋಗಿದೆ. ಮನೆಯೊಳಗಿನ ಮಾತು ಅಷ್ಟು ದೂರ ಹೋಗಬೇಕಾಗಿಲ್ಲ.

ಬಿಡುವಾದಾಗ ಹೆಸರಿನ ಬಾಲವನ್ನೂ ಬದಲಾಯಿಸಿ. ‘ಮನೆ’ ಅನ್ನೋ ಬಾಲ ನಾವಾಗಿ ಇಟ್ಕೊಂಡದ್ದು, ಯಾರೂ ನಮಗೆ ಮೀಸಲಿಟ್ಟಿಲ್ಲ. ಮನೆಗಳಿಗೇ ಅಂತ ಮೀಸಲಿಟ್ಟಿರೋದು ಹೋಮ್.ಅರ್ಪಾ, 2018ರ ಆರ್ಎಫ್‌ಸಿ 8375. ಅಮ್ಮನಿಗೆ ಅಷ್ಟುದ್ದ ಹೊಡೆಯೋದು ಕಷ್ಟ ಅಂದ್ರೆ ಡಿಎಚ್‌ಸಿಪಿಯಲ್ಲಿ ಡೊಮೈನ್ ನೇಮ್ ಅಂತ ಅದನ್ನ ಕೊಡಿ, ಆಗ ಬರೀ ‘ಉಗ್ರಾಣ’ ಅಂದರೂ ಕಂಪ್ಯೂಟರೇ ಬಾಲ ಸೇರಿಸ್ಕೊಳ್ಳುತ್ತೆ. ಹೆಸರಿನ ಕೊನೆಗೆ ಒಂದು ಓರೆಗೆರೆ ಹಾಕೋಕೆ ಹೇಳಿ. ಇಲ್ಲದಿದ್ದರೆ ಕೆಲವು ಬ್ರೌಸರ್ ಅದನ್ನ ವಿಳಾಸ ಅಂತ ಗುರುತಿಸದೆ ಹುಡುಕಾಟದ ಪುಟಕ್ಕೆ ಕರ್ಕೊಂಡು ಹೋಗುತ್ತೆ.

ಇದೆಲ್ಲ ಒಂದು ವಾರ ನೆಟ್ಟಗೆ ನಡೆದ ಮೇಲೆ ಮಹಡಿಯ ರೌಟರಿಗೆ ಕೈ ಹಾಕಿ. ಅದರ ಡಿಎಚ್‌ಸಿಪಿ ನಿಲ್ಲಿಸಿ, ಅದಕ್ಕೆ 192.168.1ರಲ್ಲಿ ಯಾರೂ ಬಳಸದ ಒಂದು ನಂಬರ್ ಕೊಡಿ, ಆಮೇಲೆ ಕೇಬಲನ್ನ ವ್ಯಾನ್ ಕಿಂಡಿಯಿಂದ ತೆಗೆದು ಲ್ಯಾನ್ ಕಿಂಡಿಗೆ ಹಾಕಿ. ಇದೇ ಕ್ರಮದಲ್ಲಿ ಮಾಡಿ. ಡಿಎಚ್‌ಸಿಪಿ ನಿಲ್ಲಿಸೋಕೆ ಮುಂಚೆ ಕೇಬಲ್ ಬದಲಾಯಿಸಿದರೆ ಒಂದೇ ನೆಟ್‌ವರ್ಕ್‌ನಲ್ಲಿ ಇಬ್ಬರು ನಂಬರ್ ಹಂಚೋಕೆ ಶುರು ಮಾಡ್ತಾರೆ.

---

ವೇಗದೂತ

ಹಳೇತಂತಿ ಸರ್, ನಿಮ್ಮ ಮಾತು ಓದಿ ನನ್ನ ಮನೆ ರೌಟರ್ ತೆಗೆದು ನೋಡಿದೆ. ನನ್ನಲ್ಲಿ ಮನೆ ಹೆಸರುಗಳೇ ಇಲ್ಲ, ಎಲ್ಲ ನಂಬರಲ್ಲೇ ನಡೆಸ್ತೀನಿ, ಅದಕ್ಕೇ ಎರಡನೇ ಡಿಎನ್ಎಸ್ ತೊಂದರೆ ಕೊಟ್ಟಿಲ್ಲ. ಮೇಡಂಗೆ ಕೊಟ್ಟ ಸಲಹೆ ವಾಪಸ್ ತಗೋತೀನಿ.

---

ಉಗ್ರಾಣದಕೀಲಿ

ವೇಗದೂತರೇ, ಮೊದಲು ಓಡಿ ಬಂದದ್ದು ನೀವೇ, ಅದಕ್ಕೆ ಧನ್ಯವಾದ.

ಇಂಟರ್‌ಫೇಸ್ ಸಾಲು ಬದಲಾಯಿಸಿ ಒಂಬತ್ತು ದಿನ ಆಯ್ತು. ಲೋಕಲ್ ಸಾಲೂ ಹಾಕಿದೀನಿ. ಎನ್ಎಸ್‌ಲುಕಪ್ ಈಗ ಸರ್ವರ್ ಅಂತ ಪೈಯ ಎಫ್ಇ80 ವಿಳಾಸ ತೋರಿಸುತ್ತೆ, ಉಗ್ರಾಣ ಅಂದ ತಕ್ಷಣ 192.168.1.20 ಅನ್ನುತ್ತೆ. ಬೇಕಂತಲೇ ಪೈಯನ್ನ ಎರಡು ರಾತ್ರಿ ರೀಸ್ಟಾರ್ಟ್ ಮಾಡಿದೆ, ಬೆಳಿಗ್ಗೆ ಲಿನಕ್ಸ್ ಲ್ಯಾಪ್‌ಟಾಪ್ ಕೈಕೊಡಲಿಲ್ಲ.

ನಿನ್ನೆ ಮಹಡಿ ರೌಟರಿನ ಕೆಲಸ ಮುಗಿಸಿದೆ, ನೀವು ಹೇಳಿದ ಕ್ರಮದಲ್ಲೇ. ಡಿಎಚ್‌ಸಿಪಿ ನಿಲ್ಲಿಸಿ 192.168.1.3 ಕೊಟ್ಟು ಕೇಬಲ್ ಬದಲಾಯಿಸಿದೆ. ಈಗ ಪೈ ಲಾಗ್‌ನಲ್ಲಿ ಮೇಲಿನವರ ವಿಳಾಸ ಒಬ್ಬೊಬ್ಬರದ್ದು ಬೇರೆ ಬೇರೆ ಬೀಳ್ತಿದೆ. ಮೇಲಿಂದ ಕೆಳಗೆ ಬಂದಾಗ ಫೋನ್‌ನ ನಂಬರೂ ಬದಲಾಗ್ತಿಲ್ಲ.

ಹೋಮ್.ಅರ್ಪಾಕ್ಕೆ ಬದಲಾಯಿಸೋದು ಬಾಕಿ ಇದೆ. ಅಮ್ಮನಿಗೆ ‘ಉಗ್ರಾಣ, ಆಮೇಲೆ ಓರೆಗೆರೆ’ ಅಂತ ಹೇಳಿಕೊಟ್ಟಿದೀನಿ. ಈ ಹೊತ್ತಿಗೆ ಕೆಳಗಿನ ಕೋಣೆಯಲ್ಲಿ ಏಳನೇ ಕ್ಯಾಸೆಟ್‌ನ ಎರಡನೇ ಬದಿ ಓಡ್ತಿದೆ, ಅಪ್ಪ ಓದೋದು ನಾನು ಟೈಪ್ ಮಾಡ್ತಿರೋ ಜಾಗಕ್ಕೂ ಕೇಳಿಸ್ತಿದೆ.